ಕಂಪನಿಯದೋ ಲೋಕೇಶನದೋ

ಕಳೆದ ವರ್ಷ ಶ್ರಾವಣದ ಮೂರನೇ ಸೋಮವಾರ ನಾನು ನಿಂತಿದ್ದದ್ದು ನಮ್ಮ ಮಠದ ಅಂಗಳದಲ್ಲಿ, ನನ್ನ ಹೊಸ ಕಾರಿನ ಎಡಗಡೆ ಹಿಂದಿನ ಬಾಗಿಲಿನಿಂದ ಒಂದು ಮಾರು ದೂರದಲ್ಲಿ, ಬಲಗೈಯಲ್ಲಿ ಊದುಬತ್ತಿ ಹಿಡಿದುಕೊಂಡು. ಮಠ ಇರುವುದು ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವ ದಾರಿಯಲ್ಲಿ. ಹೊತ್ತು ಎಷ್ಟೆಂದರೆ, ತಿಂಡಿಯಾಗಿತ್ತು, ಎರಡನೇ ಕಾಫಿ ಆಗಿರಲಿಲ್ಲ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆವತ್ತು ನಡೆದದ್ದನ್ನು ಅರಸೀಕೆರೆಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಅಲ್ಲಿರಲೇ ಇಲ್ಲ. ಇದ್ದವರೂ ಬಹುಪಾಲು ಕೈಮುಗಿದು ಕಣ್ಣು ಮುಚ್ಚಿಕೊಂಡಿದ್ದರು. ನಾನು ಮುಚ್ಚಿರಲಿಲ್ಲ. ಭಕ್ತಿ ಕಡಿಮೆಯೆಂದಲ್ಲ, ಉಂಗುರದ ಕೈಯವರು ಯಾರಾದರೂ ಹೊಸ ಬಣ್ಣಕ್ಕೆ ಗೀರು ಹಾಕುತ್ತಾರೋ ಎಂದು ನೋಡುತ್ತಿದ್ದೆ.

ಇದನ್ನು ಈಗ ಬರೆಯುತ್ತಿರುವುದು ಮೊನ್ನೆ ಬೇಲೂರಿನಲ್ಲಿ ಆದದ್ದರಿಂದ. ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆ. ಹೊರಗೆ ಯಾರದೋ ಕಾರು ಕುಂಯ್ ಎಂದು ಕೂಗಿತು. ನನ್ನದಲ್ಲ, ನಾನು ಆವತ್ತು ಬಸ್ಸಿನಲ್ಲಿ ಹೋಗಿದ್ದೆ. ಆದರೂ ನನ್ನ ಕೈ ಎಷ್ಟು ಜೋರಾಗಿ ಹಾರಿತೆಂದರೆ ದೋಸೆಯ ತುಂಡು ಎದುರು ಕೂತಿದ್ದವರ ಸಾಂಬಾರಿನ ಬಟ್ಟಲಿಗೆ ಬಿತ್ತು. ಅವರು ಬಿಕ್ಕೋಡಿನ ಕಡೆಯವರಂತೆ, ಬಹಳ ಒಳ್ಳೆಯವರು. ಮಾತಾಡದೆ ತಿಂದರು. ಇನ್ನೂ ಹೀಗೆ ಬೆಚ್ಚುತ್ತೇನೆಂದರೆ ಒಂದು ಸಲ ನಿಧಾನವಾಗಿ, ಒಂದಾದ ಮೇಲೊಂದು, ಎಲ್ಲವನ್ನೂ ಹೇಳಿಬಿಡುವುದೇ ಒಳ್ಳೆಯದು ಎನ್ನಿಸಿತು.

ನನ್ನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಹೆಸರು ಷಡಕ್ಷರಿ. ಕಾರು ಕೊಂಡದ್ದು ಹಾಸನದ ಒಂದು ಶೋರೂಮಿನಲ್ಲಿ. ಅಲ್ಲಿದ್ದ ಹುಡುಗಿ ಕಾರಿನ ಒಂದೊಂದು ಗುಂಡಿಯನ್ನೂ ತೋರಿಸಿ ಕೊನೆಗೆ ಕೀಲಿ ನನ್ನ ಕೈಗಿಟ್ಟು, "ಈ ಮಾಡೆಲ್‌ಗೆ ಅಲಾರಂ ಕಂಪನಿಯಿಂದಲೇ ಬರುತ್ತೆ ಸರ್" ಎಂದಳು.

"ಯಾರಾದರೂ ಕಾರು ಮುಟ್ಟಿದರೆ ಕೂಗುತ್ತಾಮ್ಮ?"

"ಇಲ್ಲ ಸರ್. ಮುಟ್ಟಿದ್ರೆ ಏನೂ ಆಗಲ್ಲ."

"ಒದ್ದರೆ?"

"ಒದ್ದರೂ ಆಗಲ್ಲ. ಕೀ ಇಲ್ಲದೆ ಬಾಗಿಲು ತೆಗೆದ್ರೆ ಹಾರ್ನ್ ಹೊಡ್ಕೊಳುತ್ತೆ."

ನನಗೆ ಕೊಂಚ ನಿರಾಸೆಯಾಯಿತು. ಒದ್ದರೂ ಸುಮ್ಮನಿರುವುದನ್ನು ಅಲಾರಂ ಎನ್ನಬಹುದೇ? ಆದರೆ ಆ ಹುಡುಗಿ ಅದನ್ನು ಹೇಳಿದ ರೀತಿಯಲ್ಲಿ ಒಂದು ಗಾಂಭೀರ್ಯವಿತ್ತು. ದೊಡ್ಡ ಮನೆಯ ಸೊಸೆಯ ಬಗ್ಗೆ ಹೇಳುವಂತೆ ಹೇಳಿದಳು. "ಹೊರಗಡೆ ಬೇರೆ ಹಾಕಿಸಬೇಡಿ ಸರ್. ವೈರ್ ಕಟ್ ಮಾಡಿದ್ರೆ ವಾರಂಟಿ ಹೋಗುತ್ತೆ" ಎಂದೂ ಸೇರಿಸಿದಳು. ನಾನು ತಲೆಯಾಡಿಸಿದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡಳು. ವಾಪಸು ಬರುವಾಗ ದುದ್ದ ದಾಟಿದ ಮೇಲೆ, "ಗುರುವಾರ ಲೋಕೇಶ ಅಂಗಡಿ ತೆಗೀತಾನೆ" ಎಂದಳು.

"ಗೊತ್ತು."

"ಬೋಣಿ ನಿಮ್ಮ ಕೈಯಿಂದಾನೇ ಆಗ್ಬೇಕು ಅಂತ ಕೂತಿದಾನೆ."

"ಅದೂ ಗೊತ್ತು."

"ಗೊತ್ತಿದ್ದೂ ಆ ಹುಡುಗಿ ಮುಂದೆ ಹಂಗೆ ತಲೆ ಆಡಿಸಿದ್ರಲ್ಲ. ಬೇರೆ ಹಾಕಿಸಬೇಡಿ ಅಂದ್ರೆ ಹೂಂ ಅನ್ನೋದಾ?"

ಲೋಕೇಶ ಗಿರಿಜಳ ಒಬ್ಬನೇ ತಮ್ಮ. ಮೊದಲು ಅವನು ಬಸ್ ನಿಲ್ದಾಣದ ಹತ್ತಿರ ಒಂದು ಇಡ್ಲಿ ಹೋಟೆಲು ಇಟ್ಟಿದ್ದ. ಇಡ್ಲಿ ಮಲ್ಲಿಗೆಯಂತಿರುತ್ತಿತ್ತು. ತಪ್ಪು ಎಂದರೆ, ನೆಂಟರಿಗೆ ಬಿಲ್ಲು ಕೊಡುವುದು ಅವನಿಗೆ ಬರುತ್ತಿರಲಿಲ್ಲ, ಮತ್ತು ಅರಸೀಕೆರೆಯಲ್ಲಿ ನಮಗೆ ನೆಂಟರಲ್ಲದವರು ಕಡಿಮೆ. ಅದು ಮುಚ್ಚಿದ ಮೇಲೆ ಫ್ಲೆಕ್ಸ್ ಪ್ರಿಂಟು ಮಾಡುವ ಯಂತ್ರ ತಂದ. ಒಂದು ಶ್ರದ್ಧಾಂಜಲಿ ಮತ್ತು ಒಂದು ಹುಟ್ಟುಹಬ್ಬದ ಫೋಟೋಗಳು ಅದಲುಬದಲಾದವು. ಹುಟ್ಟುಹಬ್ಬದವರು ಬಹಳ ಗಟ್ಟಿಮುಟ್ಟಾಗಿದ್ದರು, ಸ್ವತಃ ಬಂದರು. ಅದೂ ಮುಚ್ಚಿತು. ಈಗ ಮೂರನೆಯದು, ಸ್ಟೇಷನ್ ರಸ್ತೆಯಲ್ಲಿ ಕಾರಿನ ಸೀಟು ಕವರು, ಮ್ಯಾಟು, ಅಲಾರಂ ಹಾಕುವ ಅಂಗಡಿ. ಇದು ಒಂದು ವರ್ಷ ನಿಲ್ಲದಿದ್ದರೆ ತನ್ನ ಹೆಂಡತಿಯ ಅಣ್ಣನ ಇಟ್ಟಿಗೆ ಗೂಡಿಗೆ ಹೋಗಿ ಕೂರುತ್ತೇನೆಂದು ಮಾವನ ಮನೆಯಲ್ಲಿ ಒಪ್ಪಿಬಂದಿದ್ದ. ಇಟ್ಟಿಗೆ ಗೂಡಿನಲ್ಲಿ ಕೂರುವುದು ಅವಮಾನವಲ್ಲ. ಹೆಂಡತಿಯ ಅಣ್ಣ ದಿನಾ ಬೆಳಿಗ್ಗೆ ಬಂದು "ಕಾಫಿ ಆಯ್ತಾ ಭಾವ?" ಎಂದು ಎಲ್ಲರ ಮುಂದೆ ಕೇಳುವ ಜಾಗದಲ್ಲಿ ಕೂರುವುದು ಬೇರೆ. ಗಿರಿಜಾಗೆ ಆ ಚಿಂತೆಯಲ್ಲಿ ಅನ್ನ ಸೇರುತ್ತಿರಲಿಲ್ಲ.

ಇನ್ನು ನನ್ನ ಕೈಗುಣದ ವಿಚಾರ. ನಮ್ಮ ಕಡೆ ಹೊಸ ಅಂಗಡಿಯ ಮೊದಲ ವ್ಯಾಪಾರವನ್ನು ಯಾರ ಕೈಯಲ್ಲಾದರೂ ಮಾಡಿಸುವುದಿಲ್ಲ. ಕೈಗುಣ ಇರುವವರನ್ನು ಹುಡುಕುತ್ತಾರೆ. ಹಿಂದೊಮ್ಮೆ ಬಾಣಾವರದ ಹತ್ತಿರ ಒಬ್ಬರ ತೋಟದಲ್ಲಿ ಮೊದಲ ತೆಂಗಿನ ಸಸಿಯನ್ನು ನಾನು ನೆಟ್ಟೆ, ತೋಟ ಚೆನ್ನಾಗಿ ಬಂತು. ಒಬ್ಬರ ಬೋರ್‌ವೆಲ್ಲಿಗೆ ನಾನು ಕಾಯಿ ಒಡೆದೆ, ನೀರು ಬಂತು. ಅದು ಕೆರೆಯ ಕೆಳಗಿನ ಜಮೀನು. ಅಲ್ಲಿ ಯಾರು ಒಡೆದರೂ ನೀರು ಬರುತ್ತಿತ್ತು. ಆದರೆ ಹೆಸರು ಬಿದ್ದುಹೋಯಿತು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಹಾಗಾಗಿ ಗಂಟು ಹೀಗಿತ್ತು. ಕಂಪನಿಯದನ್ನೇ ನೆಚ್ಚಿಕೊಂಡರೆ ಲೋಕೇಶನ ಅಂಗಡಿಗೆ ಬೋಣಿಯಿಲ್ಲ. ಸ್ವಂತ ಭಾವನೇ ಹಾಕಿಸಲಿಲ್ಲವಂತೆ ಎಂದು ಊರು ಆಡಿಕೊಳ್ಳುತ್ತದೆ. ಲೋಕೇಶನದನ್ನು ಹಾಕಿಸಿದರೆ ವಾರಂಟಿ ಹೋಗುತ್ತದೆ, ಮತ್ತು ಆ ಹುಡುಗಿಗೆ ತಲೆಯಾಡಿಸಿಬಿಟ್ಟಿದ್ದೇನೆ.

ಈ ಥರದ ಆಯ್ಕೆ ನನಗೆ ಚಿಕ್ಕಂದಿನಿಂದಲೂ ಕಷ್ಟ. ನಮ್ಮ ತಂದೆಯ ಕಾಲದಲ್ಲಿ ಕಾರೂ ಇರಲಿಲ್ಲ, ಅಲಾರಮ್ಮೂ ಇರಲಿಲ್ಲ, ಕಳ್ಳರು ಮಾತ್ರ ಇದ್ದರು. ತೆಂಗಿನ ಮರಕ್ಕೆ ಆಳೆತ್ತರದಲ್ಲಿ ಜಾಲಿಮುಳ್ಳು ಸುತ್ತಿ ಕಟ್ಟುತ್ತಿದ್ದರು. ಅದು ಕೂಗುತ್ತಿರಲಿಲ್ಲ, ಹತ್ತಿದವನೇ ಕೂಗುತ್ತಿದ್ದ. ಅಜ್ಜಿ ಹಿತ್ತಲ ಬೇಲಿಗೆ ಖಾಲಿ ಡಬ್ಬಗಳನ್ನು ದಾರದಲ್ಲಿ ಪೋಣಿಸಿ ಇಳಿಬಿಟ್ಟಿದ್ದಳು. ಗಾಳಿ ಬೀಸಿದಾಗಲೆಲ್ಲ ಅವು ಗಲಗಲ ಎನ್ನುತ್ತಿದ್ದವು, ಅಜ್ಜಿ ಒಳಗಿನಿಂದಲೇ "ಯಾವನ್ಲಾ ಅವನು?" ಎಂದು ಕೂಗುತ್ತಿದ್ದಳು. ಗಾಳಿಯನ್ನು ಅಷ್ಟು ಬೈದವರನ್ನು ನಾನು ಮತ್ತೆ ಕಂಡಿಲ್ಲ.

ಕೊಬ್ಬರಿ ಮಾತ್ರ ಅಟ್ಟದಲ್ಲಿ ವರ್ಷದ ಹತ್ತಿರ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವವರೆಗೂ ಕಾಯಬೇಕು. ಅಲ್ಲಿಯವರೆಗೆ ಅದನ್ನು ಕಾಯುವುದಕ್ಕೆ ನಾಯಿ. ಚಿಕ್ಕಪ್ಪ ಬಿಕ್ಕೋಡಿನ ಒಂದು ಎಸ್ಟೇಟಿನಿಂದ ಜಾತಿನಾಯಿಯೊಂದನ್ನು ತಂದುಕೊಟ್ಟರು. ಅದರ ನಿಲುವೇನು, ಬಾಲವೇನು! ಆದರೆ ಅದು ಬೊಗಳುತ್ತಿರಲಿಲ್ಲ. ಯಾರು ಬಂದರೂ ಎದ್ದು ನಿಂತು ಮರ್ಯಾದೆ ಕೊಡುತ್ತಿತ್ತು. ನನಗೆ ಬೇಸರವಾಗಿ ಸಂತೆಯ ಬೀದಿಯಿಂದ ಒಂದು ಕರಿಯನನ್ನು ಹಿಡಿದು ತಂದೆ. ಅದು ತನ್ನ ಬಾಲಕ್ಕೂ ಬೊಗಳುತ್ತಿತ್ತು. ಯಾವುದನ್ನು ಇಟ್ಟುಕೊಳ್ಳೋಣ ಎಂದು ತಂದೆ ಕೇಳಿದಾಗ, ಎರಡನ್ನೂ ಎಂದೆ. ಕಳ್ಳ ಬಂದ ದಿನ ಎರಡೂ ಒಂದರ ಕಿವಿಯನ್ನೊಂದು ಕಚ್ಚಿಕೊಂಡು ಉರುಳಾಡುತ್ತಿದ್ದವು. ಕಳ್ಳನೇ ಬಿಡಿಸಲು ನೋಡಿದನೆಂದು ಆಮೇಲೆ ಅವನೇ ಸಂತೆಯಲ್ಲಿ ಹೇಳಿಕೊಂಡನಂತೆ. ಈ ಕೊನೆಯ ಮಾತನ್ನು ನಾನು ಕಂಡಿಲ್ಲ, ಕೇಳಿದ್ದು ಮಾತ್ರ.

ಇದರಿಂದ ನಾನು ಏನೂ ಕಲಿಯಲಿಲ್ಲ. ಯುಗಾದಿಯ ದಿನ ಅಣ್ಣನ ಮನೆಯಲ್ಲೂ ಅಕ್ಕನ ಮನೆಯಲ್ಲೂ ಊಟಕ್ಕೆ ಕರೆದರೆ ಒಂದು ಮನೆಗೆ ಬರುವುದಿಲ್ಲ ಎನ್ನಲು ಬಾಯಿ ಬಾರದೆ, ಎರಡು ಕಡೆಯೂ ಹೋಳಿಗೆ ಉಂಡು, ಸಂಜೆ ಶುಂಠಿ ಕಷಾಯ ಕುಡಿದು ಮಲಗುವವನು ನಾನು.

ಗುರುವಾರ ಲೋಕೇಶನ ಅಂಗಡಿಗೆ ಹೋದೆ. ಬಾಗಿಲಿಗೆ ಮಾವಿನ ತೋರಣ, ಒಳಗೆ ಹೊಸ ರೆಕ್ಸಿನ್ನಿನ ವಾಸನೆ. ಅವನ ಸೋದರತ್ತೆ ಸಿದ್ದಮ್ಮತ್ತೆ ಒಂದು ಸೀಟು ಕವರಿನ ಕಟ್ಟಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ಕಿವಿ ಕೇಳಿಸದೆ ಬಹಳ ವರ್ಷಗಳಾಗಿದ್ದವು. ಕಣ್ಣು ಮಾತ್ರ ಹದ್ದಿನದು.

ಲೋಕೇಶ ಅಲಾರಮ್ಮಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಭಾವ, ಇದ್ರಲ್ಲಿ ಆರು ಥರ ಕೂಗು ಐತೆ."

"ಒಂದು ಸಾಲದೇನೋ?"

"ಒಂದೇ ಆದ್ರೆ ಕಳ್ಳರಿಗೆ ಅಭ್ಯಾಸ ಆಗೋಗುತ್ತೆ."

ಅವನು ಬ್ಯಾಟರಿಗೆ ತಾಗಿಸಿ ಕೇಳಿಸಿದ. ಮೊದಲನೆಯದು ಆಂಬುಲೆನ್ಸು. ಎರಡನೆಯದು ಪೊಲೀಸು. ಮೂರನೆಯದು ಹುಂಜ ಕೂಗಿ ಮಧ್ಯದಲ್ಲಿ ಕೆಮ್ಮಿದ ಹಾಗಿತ್ತು. ಆಮೇಲಿನವು ಒಂದಕ್ಕಿಂತ ಒಂದು ಮೇಲು. ಆರನೆಯದು ಹಸುಗೂಸು ಅತ್ತ ಹಾಗೆ.

"ಇದು ಯಾಕೋ?"

"ಹೆಂಗಸ್ರು ಓಡಿ ಬರ್ಲಿ ಅಂತ ಭಾವ."

ಆಮೇಲೆ ಅವನು ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕೇಳಿದ: "ಕಂಪನೀದು ಒಳಗೇ ಐತಲ್ಲ, ಅದನ್ನ ತೆಗೆದ್ಬಿಡ್ಲಾ?"

"ಬೇಡ."

"ಮತ್ತೆ ನಂದು?"

"ಹಾಕು."

"ಎರಡೂನಾ?"

"ಎರಡೂ."

"ಜಗಳ ಆಡಲ್ವಾ ಭಾವ?"

"ಯಾಕಾಡ್ತವೆ? ಒಂದು ಬಾಗಿಲು ನೋಡ್ಕೊಳ್ಳುತ್ತೆ, ಇನ್ನೊಂದು ಮಿಕ್ಕಿದ್ದು ನೋಡ್ಕೊಳ್ಳುತ್ತೆ" ಎಂದೆ. ಕಾರಿನ ಬಾನೆಟ್ಟು ತೆಗೆಯುವುದು ಎಲ್ಲಿಂದ ಎಂದು ಆಗ ನನಗೆ ಗೊತ್ತಿರಲಿಲ್ಲ. "ಕಂಪನೀದರ ತಂಟೆಗೆ ಮಾತ್ರ ಹೋಗ್ಬೇಡ" ಎಂದೆ. ಲೋಕೇಶನ ಮುಖ ಥಟ್ಟನೆ ಹಗುರಾಯಿತು. ವಾರಂಟಿಯ ಬಗ್ಗೆ ಅವನಿಗೂ ಕಾಳಜಿ ಎಂದುಕೊಂಡು ನನಗೆ ಸಂತೋಷವಾಯಿತು. ಸಂಜೆಯ ಹೊತ್ತಿಗೆ ಕಂಪನಿಯ ಕೀಲಿಯ ಪಕ್ಕದಲ್ಲಿ ಲೋಕೇಶನ ಪುಟ್ಟ ರಿಮೋಟು ಒಂದೇ ಗೊಂಚಲಿನಲ್ಲಿ ತೂಗಾಡುತ್ತಿತ್ತು.

ಮೊದಲ ವಾರ ಎರಡೂ ಒಂದು ಥರ ಹೊಂದಿಕೊಂಡಿದ್ದವು. ಕಂಪನಿಯದು ಸುಮ್ಮನಿತ್ತು. ಲೋಕೇಶನದು ಸುಮ್ಮನಿರಲಿಲ್ಲ. ಲಾರಿ ಹೋದರೆ ಕೂಗುತ್ತಿತ್ತು, ಬೆಕ್ಕು ಹತ್ತಿದರೆ ಕೂಗುತ್ತಿತ್ತು. ಮಾಲೇಕಲ್ಲಿನಲ್ಲಿ ಬೆಟ್ಟದ ಬುಡದಲ್ಲಿ ನಿಲ್ಲಿಸಿ ಅರ್ಧ ಮೆಟ್ಟಿಲು ಹತ್ತಿದಾಗ ಕೆಳಗಿನಿಂದ ಹಸುಗೂಸಿನ ದನಿ ಕೇಳಿಸಿತು. ನಾನು ಇಳಿದೆ. ಮತ್ತೆ ಹತ್ತುವ ಉಸಿರಿರಲಿಲ್ಲ. ಅಲ್ಲಿಂದಲೇ ಕೈಮುಗಿದೆ. ಆದರೂ ಲೋಕೇಶನಿಗೆ ಏನೂ ಹೇಳಲಿಲ್ಲ. ನಾನು ಹಾಕಿಸಿದೆನೆಂದು ಇಬ್ಬರು ಅವನ ಅಂಗಡಿಗೆ ಬಂದು ಬೆಲೆ ವಿಚಾರಿಸಿದ್ದರು. "ಬುದ್ಧಿಯೋರು ಒಂದ್ಸಲ ನಿಮ್ಮ ಕಾರಲ್ಲಿ ಕೂತುಬಿಡ್ಲಿ, ಆಮೇಲೆ ನಾವೂ ಹಾಕಿಸ್ತೀವಿ" ಎಂದು ಹೇಳಿಹೋಗಿದ್ದರು.

ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದೇ ಕರೆಯುವುದು. ಹೊಸ ಗಾಡಿ ಕೊಂಡರೆ ಬುದ್ಧಿಯವರು ಅದರಲ್ಲಿ ಕೂತು ಮಠದ ಅಂಗಳದಲ್ಲಿ ಒಂದು ಸುತ್ತು ಬರಬೇಕು. ಅವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಹೂವು, ವಿಭೂತಿ, ಗಾಡಿಯ ಕೀಲಿ. ಮುಂದಿನ ಚಕ್ರದ ಹತ್ತಿರ ಕಾಯಿ ಒಡೆದು ಆ ಹೋಳುಗಳನ್ನು ಅದೇ ತಟ್ಟೆಗೆ ಇಡುತ್ತಾರೆ. ಮಂಗಳಾರತಿಯಾದ ಮೇಲೆ ಕೀಲಿ ನಮ್ಮ ಕೈಗೆ ಬರುತ್ತದೆ, ಸುತ್ತು ಆಮೇಲೆ. ಅಲ್ಲಿಯವರೆಗೂ ಗಾಡಿ ನಮ್ಮದಲ್ಲ.

ಹಾಗೆಯೇ ಶ್ರಾವಣದ ಸೋಮವಾರ ಹೋದೆವು. ಅಂಗಳದ ತುಂಬ ಜನ. ಲೋಕೇಶ ಬಿಳಿ ಷರಟು ಹಾಕಿಕೊಂಡು, ಜೇಬಿನಲ್ಲಿ ಒಂದು ಕಟ್ಟು ವಿಸಿಟಿಂಗ್ ಕಾರ್ಡು ಇಟ್ಟುಕೊಂಡು, ಸಿದ್ದಮ್ಮತ್ತೆಯ ಕೈಹಿಡಿದು ಬಂದಿದ್ದ. ಬೆಲೆ ವಿಚಾರಿಸಿದ್ದ ಇಬ್ಬರೂ ಮುಂದಿನ ಸಾಲಿನಲ್ಲೇ ಇದ್ದರು.

ನಾನು ಕಂಡದ್ದು ಹೀಗೆ. ಬುದ್ಧಿಯವರು ಹಿಂದಿನ ಸೀಟಿನಲ್ಲಿ ಕೂತರು. ಎಪ್ಪತ್ತು ದಾಟಿದವರು, ಮಂಡಿ ಬಗ್ಗುವುದು ಕಷ್ಟ, ಮಾತು ಮೊದಲಿನಿಂದಲೂ ಕಡಿಮೆ. ಗಿರಿಜಾ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟಳು. ಮಠದ ಮರಿಗಳು, ಎಂದರೆ ಅಲ್ಲೇ ಇದ್ದು ಓದುವ ಹುಡುಗರು, ಭಕ್ತಿಯಿಂದ ಬಾಗಿಲು ಹಾಕಿದರು. ಗಾಜು ಅರ್ಧ ಇಳಿದಿತ್ತು. ಕಾಯಿ ಒಡೆದದ್ದು ನಾನೇ. ಕೊಬ್ಬರಿ ವ್ಯಾಪಾರಿಯಾದ್ದರಿಂದ ದೊಡ್ಡ ಕಾಯಿಯನ್ನೇ ಆರಿಸಿ ತಂದಿದ್ದೆ, ನೀರು ತುಂಬಿದ್ದು. ಮರಿಗಳು ಎರಡು ಹೋಳುಗಳನ್ನೂ ಗಾಜಿನ ಸಂದಿನಿಂದ ತಟ್ಟೆಗೆ ಇಟ್ಟರು. ಸರಿಯಾಗಿ ಲೋಕೇಶನ ರಿಮೋಟಿನ ಮೇಲೆ.

ಟಕ್ ಎಂದಿತು. ನಾಲ್ಕೂ ಬಾಗಿಲು ಹಾಕಿಕೊಂಡವು.

ಅದು ಪರವಾಗಿರಲಿಲ್ಲ. ಆದರೆ ಒಂದು ಹೋಳು ಮಗುಚಿ ಕಾಯಿಯ ನೀರೆಲ್ಲ ರಿಮೋಟಿಗೆ ಅಭಿಷೇಕವಾಯಿತು. ಬುದ್ಧಿಯವರು ಒದ್ದೆಯಾದ ಕೀಲಿಗೊಂಚಲನ್ನು ಎತ್ತಿ, ಹೂವಿನಿಂದ ಒರೆಸಿ, ಮಂಗಳಾರತಿಗೆ ಮೊದಲೇ ಗಾಜಿನ ಸಂದಿನಿಂದ ನನಗೆ ಕೊಟ್ಟರು. ಲೋಕೇಶನ ರಿಮೋಟು ಒತ್ತಿದೆ, ಅದು ಸತ್ತಿತ್ತು. ಕಂಪನಿಯ ಕೀಲಿ ಒತ್ತಿದೆ. ಟಕ್, ಬಾಗಿಲು ತೆರೆಯಿತು. ತನ್ನನ್ನು ಕೇಳದೆ ಬಾಗಿಲು ತೆರೆದದ್ದನ್ನು ಲೋಕೇಶನದು ಸಹಿಸಲಿಲ್ಲ. ಟಕ್ ಎಂದು ಮತ್ತೆ ಹಾಕಿ ಆಂಬುಲೆನ್ಸಿನಂತೆ ಕೂಗಿತು. ತಾನು ತೆರೆದದ್ದನ್ನು ಯಾರೋ ಹಾಕಿದರೆಂದು ಕಂಪನಿಯದಕ್ಕೆ ಗಾಬರಿಯಾಯಿತು. ಆವರೆಗೂ ದೊಡ್ಡ ಮನೆಯ ಸೊಸೆಯಂತಿದ್ದದ್ದು ಪೀಂ ಪೀಂ ಎಂದು ಹಾರ್ನು ಹೊಡೆದುಕೊಳ್ಳತೊಡಗಿತು. ನಾನು ಮತ್ತೆ ಒತ್ತಿದೆ. ಅದು ತೆರೆಯಿತು, ಇದು ಹಾಕಿತು. ನಾನು ಹಿಡಿ ಎಳೆಯುವಷ್ಟರಲ್ಲಿ ಪ್ರತಿ ಸಲವೂ ಲೋಕೇಶನದೇ ಗೆಲ್ಲುತ್ತಿತ್ತು.

ಕೀಲಿ ತೂರಿಸಿ ತೆರೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಈ ಕಾರಿನಲ್ಲಿ ಕೀಲಿಯ ತೂತನ್ನು ಹಿಡಿಯ ಹಿಂದೆ ಬಚ್ಚಿಟ್ಟಿರುತ್ತಾರೆಂದು ನನಗೆ ತಿಳಿದದ್ದು ಮುಂದಿನ ವಾರ. ಒಳಗಿನಿಂದ ತೆರೆಯಬಹುದಿತ್ತಲ್ಲ ಎಂದರೆ, ಹಿಂದಿನ ಬಾಗಿಲುಗಳಿಗೆ ಮಕ್ಕಳು ತೆಗೆಯಬಾರದೆಂದು ಲಾಕು ಇತ್ತು. ಬುದ್ಧಿಯವರು ಒಂದು ಸಲ ಎಳೆದು ನೋಡಿ ಬಿಟ್ಟರು.

ಜನ ಗಾಬರಿಯಾದರೇ? ಇಲ್ಲ. ಈಗ ದೇವಸ್ಥಾನಗಳಲ್ಲಿ ಕರೆಂಟಿನ ನಗಾರಿ ಬಂದಿದೆಯಲ್ಲ, ಗುಂಡಿ ಒತ್ತಿದರೆ ಗಂಟೆ, ಜಾಗಟೆ ಎಲ್ಲ ತಾನೇ ಬಡಿದುಕೊಳ್ಳುವುದು. ಇದೂ ಅಂಥದೇ ಒಂದು ಹೊಸ ಏರ್ಪಾಡು ಎಂದುಕೊಂಡರು. ಮರಿಗಳು ಆ ತಾಳಕ್ಕೇ ಮಂಗಳಾರತಿ ಎತ್ತಿದರು. ಹುಂಜದ ಕೂಗಿಗೆ ಹಿಂದಿನ ಸಾಲಿನವರು "ಹರ ಹರ ಮಹಾದೇವ" ಎಂದರು. ಸಿದ್ದಮ್ಮತ್ತೆ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಶಬ್ದವೊಂದಕ್ಕೆ ತಲೆಯೆತ್ತಿ, "ಯಾರ್ಲಾ ಅದು, ಮಗೀನ ಅಳಿಸ್ತಿರೋದು?" ಎಂದು ಕೇಳಿದರು.

ಕರ್ಪೂರ ಆರಿತು. ಕೂಗು ಆರಲಿಲ್ಲ. ಆಗ ಒಬ್ಬೊಬ್ಬರೇ ಕಣ್ಣು ಬಿಟ್ಟರು.

"ಏನ್ ಷಡಕ್ಷರಿ, ಬುದ್ಧಿಯೋರ್ನ ಕೂಡಾಕ್ಬಿಟ್ಯಲ್ಲೋ!" ಎಂದು ಯಾರೋ ಕೂಗಿದರು.

"ಕಿಟಕಿಯಿಂದ ಎತ್ಕೊಂಡ್ಬಿಡಾಣಾ?" ಎಂದು ಇನ್ನೊಬ್ಬರು ತೋಳು ಮಡಚಿಕೊಂಡು ಬಂದರು. ಬುದ್ಧಿಯವರು ಅವರನ್ನು ಸುಮ್ಮನೆ ನೋಡಿದರು. ಅವರು ತೋಳು ಇಳಿಸಿಕೊಂಡು ಹಿಂದಕ್ಕೆ ಹೋದರು.

ಬೆಲೆ ವಿಚಾರಿಸಿದ್ದ ಇಬ್ಬರಲ್ಲಿ ಒಬ್ಬರು ಲೋಕೇಶನ ಕಡೆ ತಿರುಗಿ, "ಇದು ನಿಂದೇನಪ್ಪಾ ಕೂಗ್ತಿರೋದು?" ಎಂದು ಕೇಳಿದರು. ಲೋಕೇಶನ ಬಿಳಿ ಷರಟು ಬೆನ್ನಿಗೆ ಅಂಟಿಕೊಂಡಿತ್ತು. ವಿಸಿಟಿಂಗ್ ಕಾರ್ಡಿನ ಕಟ್ಟನ್ನು ಜೇಬಿನೊಳಕ್ಕೆ ಇನ್ನಷ್ಟು ಒತ್ತಿದ. ಗಿರಿಜಾ ತಮ್ಮನನ್ನು ನೋಡಿದಳು. ಇಟ್ಟಿಗೆ ಗೂಡಿನ ಹೊಗೆ ಅವಳ ಕಣ್ಣಿಗೆ ಆಗಲೇ ಬಂದಂತಿತ್ತು.

ಲೋಕೇಶ ಕಾರಿನ ಹತ್ತಿರ ಹೋಗಿ ಬುದ್ಧಿಯವರಿಗೆ ಕೈಸನ್ನೆ ಮಾಡತೊಡಗಿದ. ಮುಂದಿನ ಸೀಟಿಗೆ ಬರಬೇಕು, ಸ್ಟೇರಿಂಗಿನ ಕೆಳಗೆ ಕೈ ಹಾಕಬೇಕು, ಎಳೆಯಬೇಕು. ಅವನು ಎಳೆದು ತೋರಿಸಿದ. ಅರ್ಥವಾಗಲಿಲ್ಲವೇನೋ ಎಂದು ತೋಳು ಮಡಚಿಕೊಂಡು ಬಂದಿದ್ದವರು ಕೂಡ ಎಳೆದು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿದ್ದ ಅರ್ಧ ಜನ ಗಾಳಿಯಲ್ಲಿ ಹಸುವಿನ ಹಾಲು ಕರೆಯುತ್ತಿದ್ದಂತೆ ಕಾಣುತ್ತಿತ್ತು.

ಬುದ್ಧಿಯವರು ತಟ್ಟೆಯನ್ನು ಪಕ್ಕಕ್ಕಿಟ್ಟರು. ಕಾವಿಯನ್ನು ಬಿಗಿಮಾಡಿಕೊಂಡರು. ಎರಡು ಸೀಟುಗಳ ನಡುವೆ ಮೊದಲು ಒಂದು ಕಾಲು, ಒಂದಿಷ್ಟು ವಿಶ್ರಾಂತಿ, ಆಮೇಲೆ ಇನ್ನೊಂದು ಕಾಲು, ಹೀಗೆ ಅವಸರವಿಲ್ಲದೆ ಮುಂದಕ್ಕೆ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಕೂತವರು ಮೊದಲು ಒಂದು ಹಿಡಿ ಎಳೆದರು. ಪೆಟ್ರೋಲಿನ ಮುಚ್ಚಳ ತೆರೆಯಿತು. ಜನ "ಅದಲ್ಲ ಬುದ್ಧೀ!" ಎಂದರು. ಪಕ್ಕದ ಬಾಗಿಲಿನ ಹಿಡಿ ಎಳೆದರು, ಲೋಕೇಶನದು ಅದನ್ನೂ ಬಿಡಲಿಲ್ಲ. ಮೂರನೆಯದನ್ನು ಎಳೆದರು. ಬಾನೆಟ್ಟು ಡಬ್ ಎಂದು ಸಡಿಲವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಲೋಕೇಶ ಬಾನೆಟ್ಟು ಎತ್ತಿ ನಿಲ್ಲಿಸಿದ. ಅದರ ಮರೆಯಲ್ಲಿ ಈಗ ನಾವು ನಾಲ್ಕೇ ಜನ, ಲೋಕೇಶ, ನಾನು, ನನ್ನ ಎಡಕ್ಕೆ ಗಿರಿಜಾ, ಲೋಕೇಶನ ತೋಳು ಬಿಡದೆ ಹಿಡಿದಿದ್ದ ಸಿದ್ದಮ್ಮತ್ತೆ. ಅವನು ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದ. ಜನಕ್ಕೆಲ್ಲ ಕೇಳಿಸುವಂತೆ ಕಿರುಚಿ ಕೇಳಿದ:

"ಭಾವ! ನಂದು ಕುಯ್ಯಲಾ, ಕಂಪನೀದು ಕುಯ್ಯಲಾ?"

ಬಾನೆಟ್ಟಿನ ಆಚೆ ಅಂಗಳದ ಜನವೆಲ್ಲ ನನ್ನ ಉತ್ತರಕ್ಕೆ ಕಿವಿಗೊಟ್ಟರು. ಕಣ್ಣಿನ ಅಂಚಿನಲ್ಲಿ ಗಿರಿಜಾ ಕಂಡಳು. ಎರಡನ್ನೂ ಎನ್ನಲು ಬಾಯಿ ತೆರೆದೆ, ಅಭ್ಯಾಸಬಲ.

"ಕಂಪನೀದು ಕುಯ್ಯಿ!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ವಾರಂಟಿ ಆ ಕ್ಷಣದಲ್ಲಿ ಹಾಸನದ ಕಡೆಗೆ ಹಾರಿಹೋದದ್ದು ಕಂಡಂತಾಯಿತು.

ಲೋಕೇಶ ನನ್ನ ಮುಖವನ್ನೇ ನೋಡಿದ. ಆಮೇಲೆ ಎಂಜಿನ್ನಿನ ಕಡೆ ಬಗ್ಗಿ, ನನ್ನ ಕಿವಿಗೆ ಬಾಯಿ ತಾಗಿಸಿ ಹೇಳಿದ: "ಭಾವ, ಕಂಪನೀದು ಎಲ್ಲೈತೆ ಅಂತ ನಂಗೆ ಗೊತ್ತಿಲ್ಲ."

ಅವನು ತಲೆಯೆತ್ತಿ ಗಟ್ಟಿಯಾಗಿ, "ಭಾವ ಹೇಳಿದಾರೆ, ಕಂಪನೀದು ತೆಗೀತಿದೀನಿ!" ಎಂದು ಜನಕ್ಕೆ ಹೇಳಿ, ಬ್ಯಾಟರಿಯ ಪಕ್ಕದಲ್ಲಿ ತಾನೇ ಟೇಪು ಸುತ್ತಿದ್ದ ಕೆಂಪು ವೈರನ್ನು, ತನ್ನದೇ ಅಲಾರಮ್ಮಿನ ವೈರನ್ನು, ಕಚಕ್ಕನೆ ಕತ್ತರಿಸಿದ. ಹಸುಗೂಸು ಅಳುವಿನ ಮಧ್ಯದಲ್ಲೇ ಸುಮ್ಮನಾಯಿತು. ಅದೇ ಹೊತ್ತಿಗೆ ನಾನು ಕಂಪನಿಯ ಕೀಲಿ ಒತ್ತಿದೆ. ಪೀಂ ಪೀಂ ನಿಂತಿತು. ಬಾಗಿಲು ತೆರೆಯಿತು. ಈ ಸಲ ಯಾರೂ ಅದನ್ನು ಹಾಕಲಿಲ್ಲ.

ಕತ್ತರಿಸಿದ ವೈರನ್ನು ಲೋಕೇಶ ಟೇಪಿನ ಕೆಳಗೆ ತಳ್ಳುವಾಗ ನಾನು ಮೇಲಕ್ಕೆ ನೋಡಿದೆ. ಬಾನೆಟ್ಟಿಗೂ ಗಾಜಿಗೂ ನಡುವೆ ಕೈ ಅಗಲದ ಸಂದು ಇರುತ್ತದೆ. ಆ ಸಂದಿನ ಆಚೆ, ಡ್ರೈವರ್ ಸೀಟಿನಿಂದ, ಬುದ್ಧಿಯವರು ನೆಟ್ಟ ಕಣ್ಣಿನಿಂದ ಲೋಕೇಶನ ಕೈಯನ್ನೇ ನೋಡುತ್ತಿದ್ದರು.

ಅವರು ಇಳಿದರು. ನಾನು ಕಾಲಿಗೆ ಬಿದ್ದು, "ತಪ್ಪಾಯ್ತು ಬುದ್ಧೀ, ಹಿಂಸೆ ಆಯ್ತು" ಎಂದೆ.

"ಹಿಂಸೆ ಏನಿಲ್ಲ" ಎಂದರು. "ಮಠಕ್ಕೆ ಬಂದಾಗಿನಿಂದ ಇಷ್ಟು ಹೊತ್ತು ಯಾರೂ ನಮ್ಮನ್ನ ಏನೂ ಕೇಳದೆ ಇದ್ದದ್ದು ಇವತ್ತೇ. ಕೇಳಿದ್ರೂ ಕೇಳಿಸ್ತಿರಲಿಲ್ಲ. ಬಹಳ ನೆಮ್ಮದಿಯಾಗಿತ್ತು." ಆಮೇಲೆ ಲೋಕೇಶನ ಕಡೆ ತಿರುಗಿ, "ವೈರು ಗಟ್ಟಿ ಇತ್ತೇನಪ್ಪಾ?" ಎಂದು ಕೇಳಿದರು.

ಲೋಕೇಶ ನೆಲ ನೋಡುತ್ತ, "ಸುಮಾರಾಗಿತ್ತು ಬುದ್ಧೀ" ಎಂದ.

"ಗಟ್ಟಿಯಾದ್ದು ಹಾಕು" ಎಂದಷ್ಟೇ ಹೇಳಿ ಅವರು ಮಜ್ಜಿಗೆ ಕುಡಿಯಲು ಒಳಗೆ ಹೋದರು.

ಅಷ್ಟೇ ಸಾಕಾಯಿತು. ಬುದ್ಧಿಯವರು ಲೋಕೇಶನಿಗೆ ಹಾಕು ಎಂದರಂತೆ ಎಂದು ಊಟದ ಪಂಕ್ತಿ ಏಳುವ ಮೊದಲೇ ಸುದ್ದಿಯಾಯಿತು. ಒಂದು ಊರಿನ ಜನ ಸೇರಿ ಎಳೆದರೂ ಬಾಗಿಲು ಬಿಡಲಿಲ್ಲವಂತೆ, ಅಲಾರಂ ಎಂದರೆ ಅದು, ಕೆಟ್ಟದ್ದು ಕಂಪನಿಯದಂತೆ. ಬೆಲೆ ವಿಚಾರಿಸಿದ್ದ ಇಬ್ಬರೂ ಆ ವಾರವೇ ಹಾಕಿಸಿದರು. ಅವರ ಹಿಂದೆ ಜಾವಗಲ್ಲಿನಿಂದಲೂ ಬಂದರು. ಲೋಕೇಶ ಈಗ ಎಲ್ಲರಿಗೂ ಮೊದಲು ಒಂದೇ ಪ್ರಶ್ನೆ ಕೇಳುತ್ತಾನಂತೆ: "ಒಳಗೆ ಕಂಪನೀದು ಐತಾ? ಇದ್ರೆ ನಂದು ಬ್ಯಾಡ, ಸೀಟ್ ಕವರ್ ನೋಡಿ." ಅಂಗಡಿ ವರ್ಷ ದಾಟಿ ನಿಂತಿದೆ. ಇಟ್ಟಿಗೆ ಗೂಡಿನ ಮಾತನ್ನು ಈಗ ಯಾರೂ ಎತ್ತುವುದಿಲ್ಲ.

ನನ್ನ ಕಾರಿನಲ್ಲಿ ಲೋಕೇಶ ಒಂದು ಸಣ್ಣ ಕೆಂಪು ದೀಪವನ್ನು ಮಾತ್ರ ಬೇರೆ ವೈರಿನಿಂದ ಉಳಿಸಿಕೊಟ್ಟಿದ್ದಾನೆ, ಅವನ ಅಂಗಡಿಯ ಸ್ಟಿಕ್ಕರಿನ ಪಕ್ಕದಲ್ಲಿ. ಹೀಗಾಗಿ ಕೆಲಸ ಮಾಡುವುದು ಕಂಪನಿಯದು, ಮಿನುಗುವುದು ಲೋಕೇಶನದು. ಹಾಸನದ ಹುಡುಗಿ ಒಮ್ಮೆ ಫೋನು ಮಾಡಿ ಅಲಾರಂ ಹೇಗಿದೆ ಸರ್ ಎಂದು ಕೇಳಿದಳು. ಬಹಳ ಸಹನೆ ಇದೆಯಮ್ಮ ಅದಕ್ಕೆ, ಎಂದೆ.

ಕಂಪನಿಯದಕ್ಕೆ ಬಂದ ಕೆಟ್ಟ ಹೆಸರು ಮಾತ್ರ ನನ್ನನ್ನು ಚುಚ್ಚುತ್ತಿತ್ತು. ಇದನ್ನು ಬರೆಯಲು ಅದೂ ಒಂದು ಕಾರಣ, ಲೋಕೇಶನನ್ನು ಕೇಳಿಯೇ ಬರೆದಿದ್ದೇನೆ. "ಬರೀರಿ ಭಾವ, ನಿಮ್ದನ್ನ ಓದೋರು ಯಾರು?" ಎಂದ.

ಆವತ್ತು ತುಂಡಾದದ್ದು ಯಾವ ವೈರು ಎಂಬುದನ್ನು ಕಣ್ಣಾರೆ ಕಂಡವರು ಐದು ಜನ. ಸಿದ್ದಮ್ಮತ್ತೆ ಕಳೆದ ಕಾರ್ತೀಕದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮಠದಿಂದ ವಾಪಸು ಬರುವಾಗ ಕಾರಿನಲ್ಲಿ ಅವರು ಲೋಕೇಶನ ಕೆನ್ನೆ ಸವರಿ, "ನಿಂದನ್ನೇ ಯಾಕ್ಲಾ ಕುಯ್ಕೊಂಡೆ, ಮಗಾ?" ಎಂದು ಕೇಳಿದ್ದರು, ಮತ್ತೆ ಯಾರ ಹತ್ತಿರವೂ ಆ ಮಾತು ಆಡಲಿಲ್ಲ. ಉಳಿದ ನಾಲ್ವರೂ ಬದುಕಿದ್ದೇವೆ. ನಾನು. ಲೋಕೇಶ. ಬುದ್ಧಿಯವರು, ಅವರನ್ನು ಯಾರೂ ಕೇಳಿಲ್ಲ. ಮತ್ತು ಗಿರಿಜಾ, ನನ್ನ ಎಡಗಡೆ, ಮೊಣಕೈ ತಾಗುವಷ್ಟು ಹತ್ತಿರ ನಿಂತು, ರೆಪ್ಪೆ ಬಡಿಯದೆ ನೋಡಿದವಳು. ಬೇಕಾದರೆ ಮನೆಗೆ ಬಂದು ಕೇಳಿ ನೋಡಿ. ಕತ್ತರಿಸಿದ್ದು ಕಂಪನಿಯದೇ ಎನ್ನುತ್ತಾಳೆ.